ವೈರ್ ಬದಲಾಯಿಸಿದ್ದು ನಾನಲ್ಲ!

“ಈ ಸರ್ವರ್ ಮುಟ್ಟಿದ್ದು ಯಾರು?”

ಬಾಗಿಲಿನಿಂದ ಬಂದ ಗಡಸು ಧ್ವನಿಗೆ ಮೋನಿಷಾ ತಲೆ ಎತ್ತಿದಳು. ಕಂಪ್ಯೂಟರ್ ರ್ಯಾಕಿನ ಹಿಂದೆ ಮಂಡಿಯೂರಿ ಕೂತಿದ್ದಳು. ಕೈಯಲ್ಲಿ ಟಾರ್ಚು. ಅಷ್ಟು ತಣ್ಣನೆಯ ಎಸಿ ಕೋಣೆಯಲ್ಲೂ ಹಣೆ ಬೆವರಿತ್ತು.

“ನಾನೇ. ಏನೀಗ?”

ಬಂದವನು ತಬ್ಬಿಬ್ಬಾದ. ಇಂಥ ಪ್ರಶ್ನೆ ಕೇಳಿದರೆ ಜನ ಪಕ್ಕದವರ ಕಡೆ ಕೈ ತೋರಿಸುತ್ತಾರೆ. ಈ ಹುಡುಗಿ ಎದ್ದು ನಿಂತು, ಚೂಡಿದಾರದ ಧೂಳು ಕೊಡವಿಕೊಂಡು, ನೇರ ಅವನ ಕಣ್ಣಲ್ಲೇ ಕಣ್ಣಿಟ್ಟಳು!

“ನಾನು ಗುರುಚರಣ್. ಸಪೋರ್ಟ್ ಕಂಪನಿಯಿಂದ ಬಂದಿದೀನಿ.”

“ಬಂದ್ರಾ? ಹೆಬ್ಬಾಳದ ಫ್ಲೈಓವರ್ ಟ್ರಾಫಿಕ್ಕಲ್ಲೇ ಮನೆ ಮಾಡ್ಕೊಂಡ್ರೇನೋ ಅಂದ್ಕೊಂಡಿದ್ದೆ.”

ಹೂವಿನ ಜಾಗದಲ್ಲಿ ಹುಟ್ಟಿದ ಪ್ರೇಮಕಥೆ ಎಂದರೆ ನೀವು ಮಲ್ಲಿಗೆ ದಂಡೆ, ಗುಲಾಬಿ ಎಸಳು ಅಂತೆಲ್ಲ ಕನಸು ಕಟ್ಟಿಕೊಂಡಿರಬಹುದು. ಕ್ಷಮಿಸಿ! ಇಲ್ಲಿ ಮೊದಲು ಅರಳಿದ್ದು ಜಗಳ.

ಅಲ್ಲಾಳಸಂದ್ರ ಕೆರೆಯ ಆಚೆ ಇರುವ ಸಿರಿಕುಸುಮ ಹೂ ಹರಾಜು ಕೇಂದ್ರದಲ್ಲಿ ಬೆಳಗಾಗುವುದೇ ಗುಲಾಬಿ ಕ್ರೇಟುಗಳ ಸದ್ದಿನಿಂದ. ಎದುರಿಗೆ ದೊಡ್ಡ ಬೋರ್ಡು. ಸಿನಿಮಾ ಹಾಲಿನ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ವ್ಯಾಪಾರಿಗಳ ಸೀಟುಗಳು, ಪ್ರತಿ ಸೀಟಿಗೂ ಒಂದು ಬಟನ್. ಬೋರ್ಡಿನ ಮೇಲೆ ಬೆಲೆ ಮೇಲಿನಿಂದ ಇಳಿಯುತ್ತಾ ಬರುತ್ತದೆ, ಯಾರು ಮೊದಲು ಬಟನ್ ಒತ್ತುತ್ತಾರೋ ಹೂವು ಅವರದ್ದು. ಇಷ್ಟೂ ನಡೆಯುವುದು ಈ ಒಂದು ಸರ್ವರಿನ ಮೇಲೆ. ಅದನ್ನು ನೋಡಿಕೊಳ್ಳುವವಳು ಅಮೃತಹಳ್ಳಿಯ ಮುನಿಆಂಜಿನಪ್ಪನವರ ಮಗಳು ಮೋನಿಷಾ.

ಇವತ್ತು ಬೋರ್ಡು ಕಪ್ಪಗೆ ಬಿದ್ದುಕೊಂಡಿತ್ತು. ಬಟನ್ ಒತ್ತಿದರೆ ಉತ್ತರವಿಲ್ಲ. ಹಾಲಿನಲ್ಲಿ ಕೂಗಾಟ, ಹೊರಗೆ ಕ್ರೇಟುಗಳಲ್ಲಿ ಗುಲಾಬಿ ಬಾಡುತ್ತಿತ್ತು.

“ನಿನ್ನೆ ಸಂಜೆ ಏನ್ ಮಾಡಿದ್ರಿ?” ಗುರುಚರಣ್ ಲ್ಯಾಪ್‌ಟಾಪ್ ತೆರೆದ.

“ಫ್ಯಾನ್ ಕೆಟ್ಟಿತ್ತು. ಮೆಷಿನ್ ಆಫ್ ಮಾಡಿ, ವೈರ್ ಕಿತ್ತು, ಹೊಸ ಫ್ಯಾನ್ ಹಾಕ್ದೆ. ವೈರ್ ವಾಪಸ್ ಹಾಕಿ ಆನ್ ಮಾಡ್ದೆ. ಎರಡೂ ಪೋರ್ಟಲ್ಲಿ ಹಸಿರು ಲೈಟ್ ಬಂತು. ಮನೆಗೋದೆ.”

“ಬೋರ್ಡ್ ಹಾಕಿ ನೋಡಿದ್ರಾ?”

“...ಇಲ್ಲ.”

ಅವನ ಹುಬ್ಬು ಮೇಲೆ ಹೋಯಿತು. ಆ ಹುಬ್ಬು ಅವಳಿಗೆ ಬೈಗುಳಕ್ಕಿಂತ ಜೋರಾಗಿ ಕೇಳಿಸಿತು.

ಸರ್ವರಿಗೆ ವೈರ್ ಚುಚ್ಚುವ ಕಿಂಡಿಗಳು, ಅಂದರೆ ಪೋರ್ಟುಗಳು, ಎರಡು. ಒಂದರಿಂದ ಹರಾಜು ಹಾಲಿಗೆ, ಇನ್ನೊಂದರಿಂದ ಆಫೀಸಿಗೆ. ಗುರುತಿಗೆ ಇರಲಿ ಅಂತ ಯಾರೋ ಮೊದಲೇ ಕಂಪ್ಯೂಟರಿನೊಳಗೆ ಅವಕ್ಕೆ ‘ಹಾಲ್’, ‘ಆಫೀಸ್’ ಎಂದು ಹೆಸರಿಟ್ಟಿದ್ದರು. ಗುರುಚರಣ್ ಪರದೆ ನೋಡಿದ, ರ್ಯಾಕಿನ ಹಿಂದೆ ಬಗ್ಗಿದ, ಎರಡು ವೈರುಗಳನ್ನೂ ಕಿತ್ತು ಅದಲು ಬದಲು ಮಾಡಿ ಚುಚ್ಚಿದ.

ಹಾಲಿನಲ್ಲಿ ಹೋ ಎನ್ನುವ ಸದ್ದು! ಬೋರ್ಡು ಬೆಳಗಿತ್ತು.

“ಅಷ್ಟೇ,” ಅಂದ ಅವನು, ಕೈ ಒರೆಸಿಕೊಳ್ಳುತ್ತಾ. “ವೈರ್ ಅದಲು ಬದಲಾಗಿತ್ತು.”

“ಸಾಧ್ಯನೇ ಇಲ್ಲ!” ಮೋನಿಷಾ ಚೀರಿದಳು. “ನಾನು ಎಲ್ಲಿಂದ ಕಿತ್ನೋ ಅಲ್ಲಿಗೇ ಹಾಕಿದೀನಿ!”

“ಮೇಡಂ, ಬದಲಾಯಿಸಿದ ತಕ್ಷಣ ಸರಿ ಹೋಯ್ತಲ್ಲ? ಇದಕ್ಕಿಂತ ಇನ್ನೇನ್ ಬೇಕು?”

ಅವನ ಹಿಂದೆಯೇ ಮ್ಯಾನೇಜರ್ ಬದರೀನಾಥ ನಿಂತಿದ್ದರು. ಕೇಳಬೇಕಾದ್ದನ್ನು ಕೇಳಿಸಿಕೊಂಡಾಗಿತ್ತು. ಅವರು ಕೆಟ್ಟವರಲ್ಲ, ಗಲಾಟೆಗೆ ಹೆದರುವವರು. ಅಂಥವರ ಕೈಗೆ ಮೈಕ್ ಸಿಕ್ಕಿದರೆ ಏನಾಗುತ್ತದೆ ನೋಡಿ...

“ಎಲ್ಲರಲ್ಲೂ ಕ್ಷಮೆ ಕೇಳ್ತೀನಿ,” ಹಾಲಿನ ತುಂಬ ಅವರ ಧ್ವನಿ ಮೊಳಗಿತು. “ನಮ್ಮ ಸಿಸ್ಟಮ್ ಹುಡುಗಿ ಮೋನಿಷಾ ವೈರ್ ತಪ್ಪಾಗಿ ಹಾಕ್ಬಿಟ್ಟಿದ್ರು. ಈಗ ಸರಿ ಮಾಡಿದೀವಿ.”

ಮೋನಿಷಾಳ ಕಿವಿ ಕಾದ ಕಬ್ಬಿಣವಾಯಿತು. ಇನ್ನೂರು ಜನರ ಮುಂದೆ... ಅವಳ ಹೆಸರು ಹೇಳಿ... ಅವಳ ಅಪ್ಪನ ಸೇವಂತಿಗೆ ಕೊಳ್ಳುವ ವ್ಯಾಪಾರಿಗಳ ಮುಂದೆ!

ಗುರುಚರಣ್‌ನ ಮುಖವೂ ಪೆಚ್ಚಾಯಿತು. “ಹೀಗೆ ಮೈಕಲ್ಲಿ ಹೇಳ್ತಾರೆ ಅಂತ ನಂಗೆ...”

“ನಿಮ್ಮ ಕೆಲಸ ಆಯ್ತಲ್ಲ? ಹೋಗ್ಬನ್ನಿ.”

* * *

ಮಧ್ಯಾಹ್ನ ಬದರೀನಾಥ ಅವಳನ್ನು ಕರೆಸಿ ಮೇಜಿನ ಮೇಲೆ ಬಿಳಿ ಹಾಳೆ ಇಟ್ಟರು.

“ಬಾಡಿದ ಹೂವಿಗೆ ಬೆಳೆಗಾರರು ಜವಾಬು ಕೇಳ್ತಿದಾರೆ. ‘ನನ್ನ ತಪ್ಪಿನಿಂದ ಆಯ್ತು, ಕ್ಷಮಿಸಿ’ ಅಂತ ಎರಡು ಸಾಲು ಬರ್ದು ಕೊಟ್ಬಿಡಮ್ಮ. ಅವರಿಗೆ ತೋರಿಸಿ ಸಮಾಧಾನ ಮಾಡ್ತೀನಿ. ನಿನ್ನ ಕೆಲಸಾನೂ ಉಳಿಯುತ್ತೆ.”

“ಬರೆಯದಿದ್ರೆ?”

ಅವರು ಕನ್ನಡಕ ತೆಗೆದು ಒರೆಸಿದರು. “ನಾಡಿದ್ದು ಬೆಳಿಗ್ಗೆ ತನಕ ಟೈಮ್ ಇದೆ. ಬರೆಯದಿದ್ರೆ ನಾನು ನಿನ್ನ ಇಟ್ಕೊಳ್ಳೋಕಾಗಲ್ಲ.”

ಈ ಕೆಲಸ ಅವಳಿಗೆ ಬರೀ ಸಂಬಳವಲ್ಲ. ಊರೆಲ್ಲಾ ಅಪಾರ್ಟ್‌ಮೆಂಟ್ ಆದ ಮೇಲೂ ಒಂದು ತುಂಡು ಜಮೀನಿನಲ್ಲಿ ಹೂವು ಬೆಳೆಯುವ ಮನೆಯಿಂದ ಬಂದವಳು, ಆ ಹೂವಿಗೆ ಬೆಲೆ ಕಟ್ಟುವ ಯಂತ್ರವನ್ನೇ ಕೈಯಲ್ಲಿ ಹಿಡಿದಿದ್ದಳು. ಆ ಹೆಮ್ಮೆ ಅವಳಿಗೆ ಗೊತ್ತು, ಅವಳ ಮನೆಯವರಿಗೆ ಗೊತ್ತು.

ಬರೆದುಕೊಟ್ಟರೆ ಕೆಲಸ ಉಳಿಯುತ್ತದೆ ನಿಜ. ಆದರೆ ನಾಳೆ ಒಂದು ಬಲ್ಬ್ ಕೆಟ್ಟರೂ ಎಲ್ಲರ ಕಣ್ಣು ತಿರುಗುವುದು ಅವಳ ಕಡೆಗೇ.

“ಬೋರ್ಡ್ ಹಾಕಿ ನೋಡದೆ ಮನೆಗೆ ಹೋದೆ. ಅದು ನನ್ನ ತಪ್ಪು. ಬೇಕಿದ್ರೆ ಅದನ್ನ ಈಗ್ಲೇ ಬರ್ಕೊಡ್ತೀನಿ ಸರ್. ವೈರ್ ಬದಲಾಯಿಸಿದೆ ಅಂತ ಮಾತ್ರ ಬರೆಯಲ್ಲ. ಯಾಕಂದ್ರೆ ಬದಲಾಯಿಸಿಲ್ಲ.”

ಹಾಳೆಯನ್ನು ಅವರ ಕಡೆಗೇ ತಳ್ಳಿ ಹೊರಗೆ ಬಂದಳು.

ಸಂಜೆ ಅಮೃತಹಳ್ಳಿಯ ಮನೆಯ ಜಗಲಿಯಲ್ಲಿ ಅಜ್ಜಿ ಅಕ್ಕಯ್ಯಮ್ಮ ಕಾಕಡಾ ಹೂವು ಕಟ್ಟುತ್ತಿದ್ದರು. ಮೊಮ್ಮಗಳ ಮುಖ ನೋಡಿದ್ದೇ ಕೈ ನಿಂತಿತು.

“ಯಾಕವ್ವಾ, ಮೊಕ ಇಂಗ್ ಮಾಡ್ಕಂಡಿದೀಯ?”

ಮೋನಿಷಾ ಎಲ್ಲ ಹೇಳಿದಳು. ಹೇಳುತ್ತಾ ಹೇಳುತ್ತಾ ಅಳು ಬಂತು.

“ನೀನು ಮಾಡಿದ್ಯಾ?”

“ಇಲ್ಲ ಅಜ್ಜಿ.”

“ಅಂಗಾರೆ ಯಾಕ್ ಬರ್ಕೊಡ್ತೀಯ? ಓದ್ರೆ ಓಯ್ತದೆ ಕೆಲ್ಸ. ಬರ್ಕೊಡಬ್ಯಾಡ ನೀನು.” ಅಜ್ಜಿ ಮತ್ತೆ ಹೂವಿಗೆ ಕೈ ಹಾಕಿದರು. ಸ್ವಲ್ಪ ಹೊತ್ತು ಬಿಟ್ಟು, “ಅವ್ನ್ಯಾರು, ವೈರ್ ಕಿತ್ತಾಕಿ ನಿನ್ ಮ್ಯಾಗೇ ಏಳಿದೋನು?”

“ಗುರುಚರಣ್ ಅಂತೆ. ಆರ್.ಟಿ. ನಗರದೋನು. ದೊಡ್ಡ ಮನುಷ್ಯ!”

“ನೋಡಕ್ಕೆಂಗವ್ನೆ?”

“ಅಜ್ಜೀ...!”

ಅತ್ತ ಕಣ್ಣಲ್ಲೇ ನಗು ಬಂತು. ಹಾಳು ಅಜ್ಜಿ! ಚೆನ್ನಾಗಿಯೇ ಇದ್ದ ಅನ್ನುವುದು ಬೇರೆ ಇನ್ನಷ್ಟು ಸಿಟ್ಟು ತರಿಸಿತು.

* * *

ಮರುದಿನ ಹರಾಜು ಮುಗಿದ ಮೇಲೆ ಸರ್ವರ್ ಕೋಣೆಯ ಬಾಗಿಲು ಮೆಲ್ಲಗೆ ತಟ್ಟಿದ ಸದ್ದು.

ಗುರುಚರಣ್!

“ಇನ್ನೇನ್ ಉಳ್ದಿದೆ? ನಿನ್ನೆ ಹೇಳಿದ್ದು ಸಾಲ್ಲಿಲ್ವಾ?”

“ಒಂದೇ ಒಂದು ಪ್ರಶ್ನೆ.” ಅವನ ದನಿಯಲ್ಲಿ ನಿನ್ನೆಯ ಗತ್ತು ಇರಲಿಲ್ಲ. “ವೈರಿಗೆ ಬಾಳೆನಾರು ಕಟ್ಟಿತ್ತು. ಒಂದಕ್ಕೆ ಒಂದು ಗಂಟು, ಇನ್ನೊಂದಕ್ಕೆ ಎರಡು. ಯಾರು ಕಟ್ಟಿದ್ದು?”

“ನಾನು. ನಮ್ಮಜ್ಜಿ ಹೂವಿನ ಮಾರು ಹೀಗೇ ಗುರುತು ಮಾಡೋದು. ವೈರ್ ಕೀಳೋಕೆ ಮುಂಚೆ ಅದಕ್ಕೆ ಒಂದೋ ಎರಡೋ ಗಂಟು ಹಾಕ್ತೀನಿ, ಪೋರ್ಟ್ ಪಕ್ಕದ ಸ್ಕ್ರೂಗೂ ಅಷ್ಟೇ ಗಂಟು ಹಾಕ್ತೀನಿ. ಆಮೇಲೆ ಗಂಟು ನೋಡಿ ವಾಪಸ್ ಹಾಕ್ತೀನಿ. ನಗಬೇಕಾ? ನಗಿ.”

ಅವನು ನಗಲಿಲ್ಲ.

“ನಿನ್ನೆ ನಾನು ಎಳೆದಾಗ, ಒಂದು ಗಂಟಿನ ವೈರು ಒಂದು ಗಂಟಿನ ಪೋರ್ಟಲ್ಲೇ ಇತ್ತು. ಎರಡು ಗಂಟಿಂದು ಎರಡು ಗಂಟಲ್ಲೇ. ನನ್ನ ಕೈಯಾರೆ ಎಳೆದಿದೀನಿ ಮೋನಿಷಾ. ಆಗ ತಲೆಗೆ ಹೋಗ್ಲಿಲ್ಲ. ಮನೆಗೆ ಹೋಗಿ ಊಟಕ್ಕೆ ಕೂತಾಗ ಹೋಯ್ತು. ತುತ್ತು ಇಳೀಲಿಲ್ಲ.”

ನಿನ್ನೆಯಿಂದ ಮೊದಲ ಬಾರಿಗೆ ಮನೆಯವರಲ್ಲದ ಒಬ್ಬರು ಅವಳ ಮಾತು ನಂಬಿದ್ದರು. ಅದೂ ಇವನು!

“ಇವತ್ತು ರಜೆ ಹಾಕಿ ಬಂದಿದೀನಿ. ಏನಾಗಿದೆ ಅಂತ ಇಬ್ರೂ ಸೇರಿ ನೋಡೋಣ್ವಾ?”

“ಕೂತ್ಕೊಳ್ಳಿ,” ಎಂದಳು ಬಿಗಿಯಾಗಿಯೇ. ಆದರೆ ಸ್ಟೂಲನ್ನು ತಾನೇ ಎಳೆದುಕೊಟ್ಟಳು.

ಪಕ್ಕದ ಗೋಡೆಯಾಚೆ ಹೂವಿನ ಕೋಲ್ಡ್ ಸ್ಟೋರೇಜ್. ಚಳಿಗೆ ಅವನು ಅಂಗೈ ಉಜ್ಜಿಕೊಳ್ಳುತ್ತಿದ್ದ. ಅವಳು ನೋಡಿಯೂ ನೋಡದ ಹಾಗೆ ಎರಡು ಕಾಫಿ ತರಿಸಿದಳು.

“ನನಗೆ ಬೇಕಾಗಿರೋದು ಒಂದೇ,” ಎಂದಳು. “ಹಾಲ್, ಆಫೀಸ್ ಅನ್ನೋದೆಲ್ಲ ಆಮೇಲೆ ಇಟ್ಟ ಹೆಸರು. ಮೆಷಿನ್ ಆನ್ ಆದಾಗ ಈ ಪೋರ್ಟಿಗೆ ಅದೇ ಕೊಡೋ ಹೆಸರು ಬೇರೆ ಇರುತ್ತೆ. ಆ ಮೂಲ ಹೆಸರು ಬೇಕು. ಮೊನ್ನೆ ತನಕ ಹಾಲ್ ಅಂತ ಕರೀತಿದ್ದದ್ದು ಯಾವ ಪೋರ್ಟನ್ನ? ಈಗ ಕರೀತಿರೋದು ಯಾವುದನ್ನ?”

ಗುರುಚರಣ್ ಅವಳನ್ನೇ ನೋಡಿದ. “ನಿನ್ನೆ ಇದನ್ನೇ ನಾನು ಕೇಳ್ಬೇಕಿತ್ತು.”

“ಕೇಳಲಿಲ್ಲ.”

“ಕೇಳಲಿಲ್ಲ,” ಎಂದು ಒಪ್ಪಿಕೊಂಡ.

ಯಂತ್ರ ಪ್ರತಿ ಸಲ ಆನ್ ಆದಾಗಲೂ ತಾನು ಮಾಡಿದ್ದನ್ನು ಸಾಲು ಸಾಲಾಗಿ ಬರೆದಿಡುತ್ತದೆ. ಯಾವ ಪೋರ್ಟಿನ ಹೆಸರು ಏನಿತ್ತು, ಏನಾಯಿತು ಅನ್ನುವುದೂ ಅದರಲ್ಲಿ ಇರುತ್ತದೆ. ಇಬ್ಬರೂ ಒಂದೇ ಪರದೆಗೆ ಬಗ್ಗಿದರು. ಅವನ ಭುಜ ಅವಳ ಭುಜಕ್ಕೆ ತಾಗಿತು. ಇಬ್ಬರೂ ಸರಿಯಲಿಲ್ಲ. ಸರಿಯಲು ಸ್ಟೂಲುಗಳ ನಡುವೆ ಜಾಗವಿರಲಿಲ್ಲ ಅಂತ ಮೋನಿಷಾ ಆಮೇಲೆ ತನಗೆ ತಾನೇ ಹೇಳಿಕೊಂಡಳು. ಜಾಗವೇನೋ ಬೇಕಾದಷ್ಟಿತ್ತು!

“ಸಿಕ್ತು!” ಅವನ ಬೆರಳು ಪರದೆ ಮುಟ್ಟಿತು. “ಹೋದ ತಿಂಗಳು ಆನ್ ಆದಾಗ... ಮೂಲ ಹೆಸರು ಈಥ್-ಝೀರೋ, ಆ ಪೋರ್ಟ್ ಕೂತಿರೋ ಜಾಗ ಮೂರು. ಅದಕ್ಕೆ ಹಾಲ್ ಅಂತ ಹೆಸರು ಕೊಟ್ಟಿದೆ.”

“ಮೊನ್ನೆ ಸಂಜೆ?”

ಅವನು ಕೆಳಗೆ ಇಳಿದ.

“ಜಾಗ ಮೂರಕ್ಕೆ... ಆಫೀಸ್! ಹಾಲ್ ಅನ್ನೋ ಹೆಸರು ಜಾಗ ನಾಲ್ಕಕ್ಕೆ ಹೋಗಿದೆ!”

“ಅಂದ್ರೆ ನನ್ನ ವೈರ್ ಅಲ್ಲೇ ಇತ್ತು. ಹೆಸರು ಎದ್ದು ಹೋಗಿತ್ತು!”

“ನೀವು ಹೇಳಿದ್ದು ನಿಜ. ಅಕ್ಷರಕ್ಕೆ ಅಕ್ಷರ ನಿಜ!”

ಮೋನಿಷಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕಣ್ಣು ತುಂಬಿ ಬಂತು. ಗುರುಚರಣ್ ಕರ್ಚೀಫು ಚಾಚಿದ, ಅವಳು ಬೇಡವೆನ್ನದೆ ತೆಗೆದುಕೊಂಡಳು. ‘ಇಷ್ಟು ಹತ್ತಿರದಿಂದ ನೋಡಿದರೆ ಇವನ ಕಣ್ಣಲ್ಲಿ ಗತ್ತೇ ಇಲ್ಲವಲ್ಲ...’ ಎಂದು ಮನಸ್ಸು ಎಲ್ಲೋ ಜಾರುತ್ತಿತ್ತು.

“ಆದ್ರೆ ಹೆಸರು ಬದಲಾಯಿಸಿದ್ಯಾರು?” ಎಂದಳು ಮೂಗು ಒರೆಸಿಕೊಳ್ಳುತ್ತಾ. “ತಾನಾಗೇ ಬದಲಾಗಲ್ಲ. ಹೆಸರು ಕೊಡೋ ಫೈಲನ್ನ ಯಾರೋ ಮೊದ್ಲೇ ತಿದ್ದಿರ್ಬೇಕು. ಆಫ್ ಮಾಡಿ ಆನ್ ಮಾಡೋ ತನಕ ಅದು ಲೆಕ್ಕಕ್ಕೆ ಬರಲ್ಲ. ನಾನು ಆನ್ ಮಾಡ್ದೆ, ನನ್ನ ತಲೆ ಮೇಲೆ ಬಿತ್ತು. ನೋಡಿ, ಯಾರು?”

ಗುರುಚರಣ್ ನೋಡಿದ.

ನೋಡಿದವನ ಮುಖದ ಬಣ್ಣವೇ ಇಳಿದುಹೋಯಿತು.

“ಏನಾಯ್ತು?”

“ನಾನು... ನಾನು ಆಫೀಸಿಗೆ ಹೋಗ್ಬೇಕು. ಅರ್ಜೆಂಟ್.”

“ಯಾರು ಅಂತ ಹೇಳಿ ಹೋಗ್ರೀ!”

ಅವನು ಬ್ಯಾಗು ಎತ್ತಿಕೊಂಡು, ಅರ್ಧ ಕುಡಿದ ಕಾಫಿ ಬಿಟ್ಟು, ತಲೆ ತಗ್ಗಿಸಿಕೊಂಡು ನಡೆದುಬಿಟ್ಟ.

ಮೋನಿಷಾ ಪರದೆ ಕಡೆ ತಿರುಗಿದಳು. ಫೈಲು ತಿದ್ದಿದವರ ಹೆಸರು ಅಲ್ಲೇ ಇತ್ತು. ತಿದ್ದಿದ್ದು ಕೆಲವು ವಾರಗಳ ಹಿಂದೆ, ಸಪೋರ್ಟ್ ಕಂಪನಿಯ ಕಡೆಯಿಂದ. ಹೆಸರು... ಗುರುಚರಣ್.

ಒಂದು ಸಲ ಓದಿದಳು. ನಂಬಿಕೆ ಬರದೆ ಮತ್ತೊಂದು ಸಲ ಓದಿದಳು.

‘ಇವನೇ! ಇವನೇ ಮಾಡಿ, ಇವನೇ ಬಂದು ಸರಿ ಮಾಡಿ, ನನ್ನ ತಲೆಗೆ ಕಟ್ಟಿ ಹೋದನಾ? ಇವತ್ತು ಬಂದಿದ್ದು ಸಾಕ್ಷಿ ಅಳಿಸೋಕಾ? ಬಾಳೆನಾರು, ಇಳಿಯದ ತುತ್ತು... ಎಲ್ಲಾ ನಾಟಕ!’

ಕೈಯಲ್ಲಿ ಇನ್ನೂ ಅವನ ಕರ್ಚೀಫಿತ್ತು. ಕಸದ ಬುಟ್ಟಿಗೆ ಎಸೆದಳು.

ಪರದೆಯ ಫೋಟೋ ತೆಗೆದುಕೊಂಡಳು. ಅವನ ನಂಬರಿಗೆ ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಸ್ವಿಚ್ ಆಫ್!

ಆಗ ಅವಳಿಗೆ ಅಳು ಬರಬೇಕಿತ್ತು. ಬರಲಿಲ್ಲ. ಬಂದದ್ದು ಹಟ.

‘ಆಯ್ತು ಗುರುಚರಣ್. ನಾಳೆ ಬೆಳಿಗ್ಗೆ ನೋಡ್ತೀನಿ.’

* * *

ಮರುದಿನ ಹಾಲ್ ತುಂಬಿತ್ತು. ನಷ್ಟ ಆದ ಬೆಳೆಗಾರರು ಮುಂದಿನ ಸಾಲಿನಲ್ಲೇ ಬಂದು ಕೂತಿದ್ದರು. ಬದರೀನಾಥರ ಕೈಯಲ್ಲಿ ಅದೇ ಬಿಳಿ ಹಾಳೆ.

“ಬರೆದ್ಯೇನಮ್ಮ?”

“ಇಲ್ಲ ಸರ್. ಬಾಯಲ್ಲೇ ಹೇಳ್ತೀನಿ.”

ಅವರು ಏನು ಎತ್ತ ಅನ್ನುವಷ್ಟರಲ್ಲಿ ಮೋನಿಷಾ ಮೇಜಿನ ಮೇಲಿನ ಮೈಕ್ ಎತ್ತಿಕೊಂಡಿದ್ದಳು.

“ಎಲ್ಲರಿಗೂ ನಮಸ್ಕಾರ. ನಾನು ಮೋನಿಷಾ. ಮೊನ್ನೆ ಇದೇ ಮೈಕಲ್ಲಿ ನಾನು ವೈರ್ ತಪ್ಪಾಗಿ ಹಾಕಿದೆ ಅಂತ ಕೇಳಿದ್ರಲ್ಲ... ಅದು ಸುಳ್ಳು.”

ಗುಸುಗುಸು ಎದ್ದಿತು. “ಮೋನಿಷಾ, ಮೈಕ್ ಕೊಡಮ್ಮ,” ಎಂದರು ಬದರೀನಾಥ. ಅವಳು ಒಂದು ಹೆಜ್ಜೆ ಹಿಂದೆ ಸರಿದಳೇ ಹೊರತು ಮೈಕ್ ಕೊಡಲಿಲ್ಲ.

“ಹಬೀಬುಲ್ಲಾ ಭಾಯ್, ನಿಮ್ಮ ಸೀಟ್ ನಂಬರ್ ಎಷ್ಟು?”

ಶಿವಾಜಿನಗರದ ಹಳೇ ವ್ಯಾಪಾರಿ ಹಬೀಬುಲ್ಲಾ ಗಲಿಬಿಲಿಗೊಂಡರು. “ಮೂರು. ಯಾಕಮ್ಮಾ?”

“ಈಗ ನೀವು ಟೀ ಕುಡಿಯೋಕೆ ಹೋದಾಗ ಯಾರೋ ಬಂದು ನಿಮ್ಮ ಸೀಟಿನ ಹೆಸರು ಚೀಟಿ ಕಿತ್ತು ನಾಲ್ಕನೇ ಸೀಟಿಗೆ ಅಂಟಿಸಿದ್ರು ಅಂದ್ಕೊಳ್ಳಿ. ನೀವು ಬಂದು ಮಾಮೂಲಿ ಜಾಗದಲ್ಲೇ ಕೂತ್ರಿ. ಬಟನ್ ಒತ್ತಿದ್ರಿ. ಹೂವು ಇನ್ಯಾರದೋ ಲೆಕ್ಕಕ್ಕೆ ಹೋಯ್ತು. ತಪ್ಪು ಜಾಗದಲ್ಲಿ ಕೂತಿದ್ದು ನೀವಾ?”

“ಅರೆ, ನಾನ್ ಯಾಕಾಗ್ತೀನಿ? ನಾನು ನನ್ ಜಾಗದಲ್ಲೇ ಇದೀನಲ್ಲ!”

“ಚೀಟಿ ಬದಲಾಯಿಸಿದೋನು ಯಾರೋ, ಬೈಗುಳ ನಿಮಗೆ! ಒಪ್ತೀರಾ?”

“ಕಾಲರ್ ಹಿಡೀತೀನಿ ಅಷ್ಟೇ!”

ಹಾಲಿನಲ್ಲಿ ನಗು ಸಿಡಿಯಿತು.

“ನನಗೂ ಆಗಿದ್ದು ಅದೇ. ನಾನು ವೈರ್ ಹಾಕಿದ್ದು ಸರಿಯಾದ ಜಾಗಕ್ಕೆ. ಕಂಪ್ಯೂಟರ್ ಒಳಗೆ ಆ ಜಾಗದ ಹೆಸರನ್ನ ಬೇರೆಯವರು ಬದಲಾಯಿಸಿದ್ರು. ಬರೀ ಮಾತಲ್ಲ. ಬೆಳಿಗ್ಗೆ ಬೇಗ ಬಂದು ಎರಡು ವೈರನ್ನೂ ನಾನು ಮೊದಲು ಹಾಕಿದ್ದ ಜಾಗಕ್ಕೇ ವಾಪಸ್ ಹಾಕಿದೀನಿ. ನಿಮ್ಮೆಲ್ಲರ ಲೆಕ್ಕದಲ್ಲಿ ಅದು ‘ತಪ್ಪು’ ಜಾಗ. ಹೆಸರನ್ನ ಮಾತ್ರ ಹಳೇ ಜಾಗಕ್ಕೆ ಕಳಿಸಿದೀನಿ. ಮೆಷಿನ್ ಆಫ್ ಮಾಡಿ ಆನ್ ಮಾಡಿದೀನಿ. ಬೋರ್ಡ್ ಇನ್ನೂ ಹಾಕಿಲ್ಲ. ಸರ್, ಸ್ವಿಚ್ ನಿಮ್ಮ ಪಕ್ಕದಲ್ಲೇ ಇದೆ. ನೀವೇ ಹಾಕಿ!”

ಬದರೀನಾಥ ಹಿಂದೆ ಮುಂದೆ ನೋಡಿದರು. ಇನ್ನೂರು ಜೋಡಿ ಕಣ್ಣು ಅವರ ಬೆರಳಿನ ಮೇಲಿತ್ತು. ಸ್ವಿಚ್ ಒತ್ತಿದರು.

ಒಂದು ಕ್ಷಣ ಏನೂ ಇಲ್ಲ.

ಬೋರ್ಡು ಝಗ್ಗನೆ ಬೆಳಗಿತು! ಹಬೀಬುಲ್ಲಾ ಬಟನ್ ಒತ್ತಿದರು. ಬೋರ್ಡಿನ ಮೇಲೆ ಮೂರನೇ ನಂಬರ್ ಮಿನುಗಿತು.

“ಮತ್ತೆ ಹೆಸರು ಬದಲಾಯಿಸಿದ್ಯಾರಮ್ಮಾ?” ಮುಂದಿನ ಸಾಲಿನಿಂದ ಒಬ್ಬ ಬೆಳೆಗಾರ ಎದ್ದು ನಿಂತ. “ಅದನ್ನೂ ಹೇಳು!”

ಮೋನಿಷಾ ಬಾಯಿ ತೆರೆದಳು. ಫೋನು ಕೈಯಲ್ಲೇ ಇತ್ತು, ಫೋಟೋ ಅದರಲ್ಲೇ ಇತ್ತು. ಆಗಲೇ ಅವಳ ಕಣ್ಣು ಬಾಗಿಲ ಕಡೆ ಹೋಯಿತು.

ಗುರುಚರಣ್ ಅಲ್ಲಿ ನಿಂತಿದ್ದ. ಕೆದರಿದ ಕೂದಲು, ನಿದ್ದೆಯಿಲ್ಲದ ಕಣ್ಣು.

ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ಹೇಳುವ ಹಕ್ಕೂ ಅವಳಿಗಿತ್ತು. ಆದರೆ ಎರಡು ದಿನದಿಂದ ಬೇರೆಯವರ ಬಾಯಲ್ಲಿ ತನ್ನ ಹೆಸರು ಹೇಗೆ ನರಳಿತೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಅವಳು ಮೈಕನ್ನು ಮುಂದೆ ಚಾಚಿದಳು.

“ಅವರು ಇಲ್ಲೇ ಇದಾರೆ. ಧೈರ್ಯ ಇದ್ರೆ ಅವರೇ ಬಂದು ಹೇಳ್ಲಿ.”

ಗುರುಚರಣ್ ನಡೆದು ಬಂದ. ಮೈಕ್ ತೆಗೆದುಕೊಂಡ.

“ನಾನೇ,” ಅಂದ. “ನಾನು ಗುರುಚರಣ್. ಹೆಸರು ಬದಲಾಯಿಸಿದ್ದು ನಾನು. ಕೆಲವು ವಾರದ ಹಿಂದೆ ನಮ್ಮ ಆಫೀಸಲ್ಲಿ ಕೂತು ಈ ಮೆಷಿನ್ನಿನ ಫೋಟೋ ನೋಡ್ತಿದ್ದೆ. ಫೋಟೋ ತೆಗ್ದಿದ್ದು ಮುಂದಿನಿಂದ. ಪೋರ್ಟ್ ಇರೋದು ಹಿಂದೆ, ಫೋಟೋದಲ್ಲಿ ಕಾಣಲ್ಲ, ಯಾವುದು ಯಾವ ಕಡೆ ಅಂತ ಅಂದಾಜು ಹಾಕ್ದೆ. ಎಡ ಬಲ ತಿರುಗಿಸಿ ನೋಡ್ಬೇಕು ಅನ್ನೋದು ಮರೆತು, ಹೆಸರೇ ಉಲ್ಟಾ ಇದೆ ಅಂದ್ಕೊಂಡು ತಿದ್ದಿಬಿಟ್ಟೆ. ತಿದ್ದಿದ್ದನ್ನ ಯಾರಿಗೂ ಹೇಳಲಿಲ್ಲ, ಆಮೇಲೆ ನನಗೂ ಮರ್ತೋಯ್ತು. ಮೊನ್ನೆ ಬಂದು ವೈರ್ ತಪ್ಪಾಗಿದೆ ಅಂದವನೂ ನಾನೇ. ಮೋನಿಷಾ ಅವರ ವೈರ್ ಸರಿ ಇತ್ತು. ಅವರ ಮಾತೂ ಸರಿ ಇತ್ತು. ನಿಮ್ಮ ಹೂವು ಬಾಡಿದ್ದು ನನ್ನಿಂದ.”

“ಥೂ!” ಅಂದರು ಯಾರೋ. ಇನ್ನ್ಯಾರೋ, “ಹೇಳಿದ್ನಲ್ಲ ಬಿಡ್ರಪ್ಪಾ,” ಅಂದರು. ಗುರುಚರಣ್ ತಲೆ ತಗ್ಗಿಸಲಿಲ್ಲ. ಎಲ್ಲವನ್ನೂ ನಿಂತು ಕೇಳಿಸಿಕೊಂಡ.

ಬದರೀನಾಥ ಕೈಯಲ್ಲಿದ್ದ ಬಿಳಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕಿದರು. “ಆಯ್ತಮ್ಮ ಮೋನಿಷಾ, ಎಲ್ಲಾ ಗೊತ್ತಾಯ್ತಲ್ಲ. ಹೋಗು, ಹರಾಜು ಶುರು ಮಾಡು.”

“ಇಲ್ಲ ಸರ್.”

“ಇನ್ನೇನು?”

“ನನ್ನ ತಪ್ಪು ಅಂತ ಮೈಕಲ್ಲಿ ಹೇಳಿದ್ರಿ. ಅಲ್ಲ ಅಂತಾನೂ ಮೈಕಲ್ಲೇ ಹೇಳಿ.”

ಹಬೀಬುಲ್ಲಾ ಮೊದಲು ಚಪ್ಪಾಳೆ ಹೊಡೆದರು. ಆಮೇಲೆ ಮುಂದಿನ ಸಾಲು, ಆಮೇಲೆ ಇಡೀ ಹಾಲ್. ಬದರೀನಾಥರಿಗೆ ಮೈಕ್ ತೆಗೆದುಕೊಳ್ಳದೆ ಬೇರೆ ದಾರಿಯಿರಲಿಲ್ಲ. ಗಂಟಲು ಸರಿ ಮಾಡಿಕೊಂಡು, “ಮೋನಿಷಾ ಅವರದ್ದು ತಪ್ಪಿಲ್ಲ. ನಾನು ವಿಚಾರಿಸದೆ ಹೇಳಿದ್ದೆ. ಕ್ಷಮೆ ಇರಲಿ,” ಎಂದರು. ಅವರ ಮುಖ ಸಣ್ಣದಾಗಿತ್ತು. ಆದರೆ ಮಾತು ನಿಜವಾಗಿಯೇ ಬಂದಿತ್ತು.

ಮೋನಿಷಾ ಕೈ ಮುಗಿದಳು. ಹರಾಜು ಶುರುವಾಯಿತು.

* * *

ಬಿಸಿಲು ಏರಿದ ಮೇಲೆ ಅವಳು ಹೊರಗೆ ಬಂದಳು. ಖಾಲಿ ಕ್ರೇಟುಗಳನ್ನು ಗಾಡಿಗೆ ತುಂಬುತ್ತಿದ್ದರು. ಅದರ ಪಕ್ಕದ ಕಟ್ಟೆಯ ಮೇಲೆ ಗುರುಚರಣ್ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ.

“ಇನ್ನೂ ಹೋಗಿಲ್ವಾ?”

“ಹೋಗೋಕೆ ಆಫೀಸ್ ಇಲ್ಲ.” ಸಣ್ಣಗೆ ನಕ್ಕ. “ನಿನ್ನೆ ಇಲ್ಲಿಂದ ಸೀದಾ ಬಾಸ್ ಹತ್ರ ಹೋದೆ. ನಂದೇ ತಪ್ಪು ಅಂದೆ. ಸುಮ್ನಿರು, ಬದರೀನಾಥ ಹೇಳಿದಾರೆ, ಆ ಹುಡುಗಿ ಬರ್ಕೊಡ್ತಾಳೆ, ಮುಗಿಯುತ್ತೆ ಅಂದ್ರು. ಆಗಲ್ಲ, ಹೋಗಿ ಹೇಳ್ತೀನಿ ಅಂದೆ. ಹೋಗೋದಾದ್ರೆ ವಾಪಸ್ ಬರ್ಬೇಡ ಅಂದ್ರು.”

ಅವಳ ಎದೆ ಚುರುಕ್ ಎಂದಿತು. ಆದರೆ ಸಿಟ್ಟು ಅಷ್ಟು ಸುಲಭಕ್ಕೆ ಜಾಗ ಬಿಡುವಂಥದ್ದಲ್ಲ.

“ಫೋನ್ ಯಾಕೆ ಆಫ್ ಮಾಡಿದ್ರಿ? ಒಂದು ಮಾತು ನಿಂತು ಹೇಳಿ ಹೋಗಿದ್ರೆ ಏನಾಗ್ತಿತ್ತು?”

ಸುಳ್ಳು ಹೇಳಬಹುದಿತ್ತು. ಬ್ಯಾಟರಿ ಮುಗಿದಿತ್ತು ಅನ್ನಬಹುದಿತ್ತು.

“ಹೆದರ್ಕೊಂಡೆ,” ಅಂದ ಗುರುಚರಣ್. “ಬಾಸಿಗಲ್ಲ. ನಿಮ್ಮ ಮುಖ ನೋಡೋಕೆ. ನೀವು ಆಗಷ್ಟೇ ಖುಷಿಯಲ್ಲಿ ಅತ್ತಿದ್ರಿ. ನನ್ನ ನಂಬಿದ್ರಿ. ಆ ನಂಬಿಕೇನ ನನ್ನ ಕೈಯಾರೆ ಒಡೀಬೇಕಲ್ಲ ಅಂತ... ಓಡಿಹೋದೆ. ಹೇಡಿ ಥರ.”

“ಹೌದು. ಹೇಡಿ ಥರಾನೇ.”

“ಹ್ಞೂಂ.”

“ನಾನು ರಾತ್ರಿ ಎಲ್ಲಾ ನಿಮ್ಮನ್ನ ಬೈದಿದೀನಿ, ಗೊತ್ತಾ? ನಮ್ಮಜ್ಜಿ ಎದುರಿಗೆ!”

“ಅಜ್ಜಿ ಏನಂದ್ರು?”

“ಇಷ್ಟೊಂದು ಬೈತಿದೀಯ ಅಂದ್ರೆ...” ಮೋನಿಷಾ ನಾಲಿಗೆ ಕಚ್ಚಿಕೊಂಡಳು. ಕೆನ್ನೆ ಬಿಸಿಯಾಯಿತು. “ಅದೆಲ್ಲಾ ನಿಮಗ್ಯಾಕೆ?”

ಗುರುಚರಣ್ ಒಂದು ಹೆಜ್ಜೆ ಹತ್ತಿರ ಬಂದ. ಗಾಡಿಯವರು ಕ್ರೇಟು ಎಸೆಯುವುದನ್ನು ನಿಲ್ಲಿಸಿ ಇವರನ್ನೇ ನೋಡತೊಡಗಿದ್ದರು. ಅವನಿಗೆ ಅದರ ಪರಿವೆ ಇರಲಿಲ್ಲ.

“ಮೋನಿಷಾ, ಮೊನ್ನೆ ‘ನಾನೇ, ಏನೀಗ’ ಅಂತ ಎದ್ದು ನಿಂತ್ರಲ್ಲ... ಆವಾಗ್ಲೇ ನಂಗೆ ಏನೋ ಆಗೋಯ್ತು. ಇವತ್ತು ಮೈಕಲ್ಲಿ ನಾನೇ ಅಂತ ಹೇಳೋಕೆ ಧೈರ್ಯ ಬಂದಿದ್ದೂ ನಿಮ್ಮನ್ನ ನೋಡಿ. ನನಗೆ ನೀವು ಇಷ್ಟ. ತುಂಬಾ. ಕ್ಷಮಿಸಿ ಅಂತ ಕೇಳೋಕೂ, ಇದನ್ನ ಹೇಳೋಕೂ ಒಂದೇ ದಿನ ಸರಿಯಲ್ಲ ಅಂತ ಗೊತ್ತು. ಆದ್ರೆ ಹೇಳದೆ ಓಡಿಹೋಗೋದು ನಿನ್ನೆಗೇ ಸಾಕಾಯ್ತು.”

ಮೋನಿಷಾ ಅವನನ್ನೇ ನೋಡಿದಳು. ಕೆಲಸ ಕಳೆದುಕೊಂಡು ಬಂದು ನಿಂತಿದ್ದ ಮನುಷ್ಯ. ತಪ್ಪು ಮಾಡಿದವನು, ಓಡಿದವನು, ತಿರುಗಿ ಬಂದವನು. ಬರಬೇಡ ಅಂದರೂ ಕಣ್ಣು ತುಂಬಿಕೊಂಡಿತು. ನಿಜ ಹೇಳಬೇಕೆಂದರೆ, ಇವನ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು ಅವಳಿಗೆ. ಹಾಗಂತ ಅಷ್ಟು ಬೇಗ ಸೋಲುವವಳೇ ಅವಳು?

“ನನಗಿನ್ನೂ ಕೋಪ ಇದೆ,” ಎಂದಳು.

“ಇರಬೇಕು.”

“ತುಂಬಾ ಇದೆ.”

“ಯಾವಾಗ ಇಳಿಯುತ್ತೆ?”

“ನಂಗೇನ್ ಗೊತ್ತು? ದಿನಾ ಬಂದು ಕೇಳಿ.”

ಅವನ ಮುಖ ನಿಧಾನಕ್ಕೆ ಅರಳಿತು. “ದಿನಾನಾ?”

“ದಿನಾ. ಹರಾಜು ಮುಗಿದ ಮೇಲೆ. ಒಂದು ದಿನ ತಪ್ಪಿಸಿದ್ರೂ ಕೋಪ ಮೊದಲಿಂದ ಶುರು.”

“ಸರಿ... ಇಳಿದ ಮೇಲೆ?”

ಮೋನಿಷಾ ತಿರುಗಿ ಹೊರಟಳು. ನಾಲ್ಕು ಹೆಜ್ಜೆ ಹೋದವಳು ನಿಂತಳು. ಗಾಡಿಯವರು, ವ್ಯಾಪಾರಿಗಳು ಎಲ್ಲ ನೋಡುತ್ತಿದ್ದರು. ನೋಡಿಕೊಳ್ಳಲಿ! ಅವಳು ತಿರುಗಿ ಎಲ್ಲರಿಗೂ ಕೇಳುವ ಹಾಗೆಯೇ ಕೂಗಿ ಹೇಳಿದಳು.

“ಆಮೇಲೂ ಬನ್ನಿ!”